ಪೆನ್ನು ಕಿತ್ತುಕೊಳ್ಳುವ ಸಾಹೇಬರು

ನಮ್ಮ ಟೀಮ್ ಲೀಡ್‌ಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಅಪ್ರೈಸಲ್ ಹತ್ತಿರದಲ್ಲಿದೆ. ಡೇಟಾಬೇಸ್ ಜೋಡಿಸುವ ದಿನ ಅವರು ನನ್ನ ಜೇಬಿನ ಪೆನ್ನು ಕಿತ್ತುಕೊಳ್ಳುತ್ತಾರೆ ಎಂದಷ್ಟೇ ಹೇಳುತ್ತೇನೆ.

ವೈಟ್‌ಫೀಲ್ಡಿನ ನಮ್ಮ ಕಂಪನಿ ಒಂದು ದೊಡ್ಡ ಆಸ್ಪತ್ರೆಯ ರೋಗಿಗಳ ದಾಖಲೆ ನೋಡಿಕೊಳ್ಳುತ್ತದೆ. ಅಸಲು ಸರ್ವರ್ ಕೈಕೊಟ್ಟರೆ ಇರಲಿ ಎಂದು ಇನ್ನೊಂದು ನಕಲು ಸರ್ವರ್ ಇಟ್ಟಿರುತ್ತೇವೆ. ಅಸಲಿನಲ್ಲಿ ಬರೆದದ್ದೆಲ್ಲ ತಾನಾಗಿ ನಕಲಿಗೆ ಹೋಗಬೇಕು. ಕಣ್ತಪ್ಪಿ ಉಲ್ಟಾ ಜೋಡಿಸಿದಿರೋ, ಮುಗಿಯಿತು! ಖಾಲಿ ನಕಲು ಅಸಲನ್ನೂ ಖಾಲಿ ಮಾಡಿಬಿಡುತ್ತದೆ.

ಅದಕ್ಕೇ ಆ ದಿನ ಸಾಹೇಬರು ತಾವು ಅಸಲು, ನಾನು ನಕಲು ಎಂದು ಘೋಷಿಸುತ್ತಾರೆ. ನಕಲು ಓದಬಹುದು, ಬರೆಯುವಂತಿಲ್ಲ. ಪೆನ್ನು ಜಪ್ತಿ! ಒಮ್ಮೆ ಕೊರಿಯರ್‌ನವನು ನನ್ನ ಸಹಿ ಕೇಳಿದ.

“ಅವ್ನು ಇವತ್ತು ಬರೆಯಂಗಿಲ್ಲ, ನಾಳೆ ಬನ್ನಿ ಅಣ್ಣ,” ಎಂದರು ಸಾಹೇಬರು.

“ಕೈಗೇನಾಯ್ತು ಸಾರ್?” ಎಂದು ಅವನು ಕನಿಕರದಿಂದ ಕೇಳಿದ. ಏನೆಂದು ಹೇಳಲಿ?

ಬೈ-ಟು ಕಾಫಿಯೂ ಅವರ ಲೋಟದಿಂದ ನನ್ನ ಲೋಟಕ್ಕೇ ಬೀಳಬೇಕು. ಒಮ್ಮೆ ನಾನು ನನ್ನದರಿಂದ ಅವರದಕ್ಕೆ ಸುರಿದೆ. ಅವರ ಅಸಲು-ನಕಲು ಪಾಠ ಮುಗಿಯುವಷ್ಟರಲ್ಲಿ ಕಾಫಿ ಆರಿಹೋಗಿತ್ತು.

ಎಂಟರ್ ಒತ್ತುವ ಮುಂಚೆ ನಕಲು ಗಟ್ಟಿಯಾಗಿ “ಎಲ್ಲಿಂದ ಎಲ್ಲಿಗೆ?” ಎನ್ನಬೇಕು. ಅಸಲು ಪರದೆಯ ಮೇಲೆ ಬೆರಳಿಟ್ಟು ಓದಬೇಕು. ಅಕ್ಕಪಕ್ಕದ ಟೀಮಿನವರೆಲ್ಲ ಮುಸಿಮುಸಿ ನಗುತ್ತಾರೆ.

ಮೊನ್ನೆ ಹೊಸ ನಕಲು ಜೋಡಿಸುವಾಗ ಸಾಹೇಬರು ಯಾಕೋ ಸರಸರನೆ ಟೈಪ್ ಮಾಡುತ್ತಿದ್ದರು.

“ಎಲ್ಲಿಂದ ಎಲ್ಲಿಗೆ ಸಾರ್?” ನಾನು ರಾಗ ಎಳೆದೆ.

ಬೆರಳಿಟ್ಟು ಓದಲು ಹೊರಟವರು ಅರ್ಧಕ್ಕೇ ನಿಂತರು. ಉಲ್ಟಾ ಆಗಿತ್ತು!

“ಸಿಕ್ಕಿಬಿದ್ರಿ ಸಾರ್!”

ಅವರು ನಗಲಿಲ್ಲ. ಕೀಬೋರ್ಡ್ ಪಕ್ಕಕ್ಕೆ ಸರಿಸಿದರು.

“ಅಮ್ಮನ್ನ ಬೆಳಿಗ್ಗೆ ಇದೇ ಆಸ್ಪತ್ರೆಗೆ ಸೇರಿಸಿ ಬಂದೆ ಮಗಾ. ಸ್ಟ್ರೋಕು. ಮಾತು ನಿಂತೋಗಿದೆ. ಒಂದು ಇಂಜೆಕ್ಷನ್ ಅವಳಿಗೆ ಆಗಲ್ಲ, ಕೊಟ್ರೆ ಜೀವಕ್ಕೇ ಕುತ್ತು. ಅವಳಂತೂ ಹೇಳಕ್ಕಾಗಲ್ಲ. ಇಲ್ಲಿರೋ ದಾಖಲೆನೇ ಹೇಳ್ಬೇಕು,” ಎಂದು ಪರದೆ ತೋರಿಸಿದರು.

“ರಜೆ ಹಾಕೋದಲ್ವಾ ಸಾರ್?”

“ತಂಗಿ ಇದಾಳೆ ಅಲ್ಲಿ. ಇಲ್ಲಿ ಯಾರಿದಾರೆ?”

ಅವರನ್ನು ಎಬ್ಬಿಸಿ ನಾನು ಕುಳಿತು, ಎಲ್ಲವನ್ನೂ ಅಳಿಸಿ ಹೊಸದಾಗಿ ಟೈಪ್ ಮಾಡಿದೆ. ಎರಡೂ ಸರ್ವರ್ ಹೆಸರನ್ನು ಒಂದೊಂದೇ ಅಕ್ಷರವಾಗಿ ಜೋರಾಗಿ ಓದಿದೆ. ಯಾರೂ ನಗಲಿಲ್ಲ. ಸಾಹೇಬರು ನನ್ನ ಹೆಗಲು ಬಿಗಿಯಾಗಿ ಹಿಡಿದು ನಿಂತಿದ್ದರು. ಎಂಟರ್ ಒತ್ತಿದೆ. ದಾಖಲೆಗಳು ಸಾಲುಸಾಲಾಗಿ ನಕಲಿಗೆ ಇಳಿಯತೊಡಗಿದವು. ಅವುಗಳಲ್ಲಿ ಯಾರ್ಯಾರ ಅಮ್ಮಂದಿರಿದ್ದರೋ!

“ನೀವು ಆಸ್ಪತ್ರೆಗೆ ಹೊರಡಿ ಸಾರ್,” ಎಂದೆ. “ಇಲ್ಲಿ ಅಮ್ಮನ್ನ ನಾನು ನೋಡ್ಕೋತೀನಿ.”