ವಾಪಸ್ ಬಂದ ಮರುಮದುವೆ ಯೋಗ

ಸ್ವಲ್ಪ ಹತ್ತಿರ ಬನ್ನಿ, ಜೋರಾಗಿ ಹೇಳೋ ವಿಷಯ ಅಲ್ಲ. ನಿಮ್ಮ ಯಜಮಾನ್ರಿಗೂ ಹೇಳಕೂಡದು. ನಮ್ಮ ದುರ್ಗಿಗುಡಿ ಬೀದೀಲಿ ಇಂಥವು ಆಗ್ತಾನೇ ಇರ್ತವೆ, ನಾನೂ ನಾಲ್ಕು ಮನೆಗೆ ಮುಟ್ಟಿಸ್ತಾನೇ ಇರ್ತೀನಿ. ಈ ಸಲ ಮಾತ್ರ ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

೧. ಮಾಯವಾದ ಮನೆ

ಪಕ್ಕದ ಮನೆಯಾಕೆಯ ಸೊಸೆ ಜಾತಕದ ಆ್ಯಪ್ ಮಾಡಿದಾಳೆ. ಸಂತಾನ ಯೋಗ, ಮನೆ ಕಟ್ಟೋ ಯೋಗ ನಮಗಿದೆಯಾ ಅಂತ ದುಡ್ಡು ಕೊಟ್ಟು ನೋಡೋದು, ಯಾವುದನ್ನಾದ್ರೂ ಒಂದು ಸಲ ಕೊಂಡ್ರೆ ಯಾವಾಗ್ಲೂ ನಮ್ಮದೇ. ಆದ್ರೆ ಫೋನ್ ಬದಲಾಯಿಸಿದೋರಿಗೆ ಕೊಂಡಿದ್ದೆಲ್ಲ ಮಾಯ. ನವುಲೆ ಕಡೆಯವರೊಬ್ಬರು ಮನೆಗೇ ಬಂದು ಬಾಗಿಲಲ್ಲಿ ನಿಂತರು.

"ಹಳೇ ಫೋನಲ್ಲಿ ನಂಗೆ ಮನೆ ಕಟ್ಟೋ ಯೋಗ ಇತ್ತಮ್ಮ, ಹೊಸದರಲ್ಲಿ ಇಲ್ಲ. ನಾನು ಪಾಯ ತೆಗೆಸಿಬಿಟ್ಟಿದೀನಿ."

೨. ಬಟನ್ ಒತ್ತಿದ್ದು

ಸೊಸೆ ವಾರವಿಡೀ ಕೂತು 'ಹಳೇ ಖರೀದಿ ವಾಪಸ್' ಅನ್ನೋ ಬಟನ್ ಹಾಕಿದಳು. ಪರೀಕ್ಷೆಗೆ ಅತ್ತೆಯ ಫೋನ್ ತಗೊಂಡಳು. ಅತ್ತೆ ಏನೂ ಕೊಂಡೋಳಲ್ಲ, ಖಾಲಿ ಬರ್ಬೇಕಿತ್ತು. ಬಂದಿದ್ದು ಮರುಮದುವೆ ಯೋಗ.

ಆ ಫೋನ್ ಮುಟ್ಟೋ ಇನ್ನೊಬ್ಬರು ಅಂದ್ರೆ ಆಕೆಯ ಗಂಡ. ನಲವತ್ತು ವರ್ಷದ ಸಂಸಾರ. ಆತ ದೇವರಾಣೆ ನಾನಲ್ಲ ಅಂದ್ರು. "ಹಾಗಾದ್ರೆ ನಾನಾ?" ಅಂದು ಆಕೆ ಎರಡು ದಿನ ಒಲೆ ಹಚ್ಚಲಿಲ್ಲ.

ಸಮಾಧಾನ ಮಾಡೋಕೆ ಹೋದ ನಾನು ಫೋನಲ್ಲಿ ಕೊಂಡ ತಾರೀಕು ನೋಡಿದೆ. ಅದು ಹೋದ ತಿಂಗಳು ನಾನು ಕೊಂಡಿದ್ದು. ನಮ್ಮನೆಯೋರು ಹೋಗಿ ಹನ್ನೆರಡು ವರ್ಷ ಆಯ್ತಲ್ಲ, ಸುಮ್ನೆ ಇದೆಯೋ ಇಲ್ಲವೋ ನೋಡೋಣ ಅಂತ.

ಇದೆ ಅಂತಿತ್ತು.

೩. ಭದ್ರಾವತಿ ಅಂಗಡಿಯೋನು

ಹೇಳಿದ್ರೆ ನನ್ನ ಮಾನ ಹೋಗುತ್ತೆ, ಸುಮ್ನಿದ್ರೆ ಅವರ ಸಂಸಾರ. ಮೂರನೇ ದಿನ ಆಕೆ ಭದ್ರಾವತಿಯ ತಂಗಿ ಮನೆಗೆ ಹೊರಡ್ತೀನಿ ಅಂತ ಬ್ಯಾಗು ತುಂಬಿದಳು. ನಾನೂ ಅಲ್ಲೇ ಇದ್ದೆ, ಸೀರೆ ಮಡಿಸಿಕೊಡ್ತಾ.

ಸೊಸೆ ಲ್ಯಾಪ್‌ಟಾಪ್ ಹಿಡ್ಕೊಂಡು ಓಡಿ ಬಂದಳು. ಬಟನ್ ಸರಿಯಾಗೇ ಇದೆಯಂತೆ, ಅದು ಮನುಷ್ಯರನ್ನ ನೋಡಲ್ಲ, ಫೋನಿನ ಖಾತೆ ನೋಡುತ್ತಂತೆ. ಅತ್ತೆಗೆ ಆ ಖಾತೆ ಹಾಕಿಕೊಟ್ಟೋನು ಭದ್ರಾವತಿಯ ಮೊಬೈಲ್ ಅಂಗಡಿಯೋನು. ವಯಸ್ಸಾದೋರು ಪಾಸ್‌ವರ್ಡ್ ಮರೀತಾರೆ ಅಂತ ಅವನು ಎಲ್ಲರಿಗೂ ಒಂದೇ ಖಾತೆ ಹಾಕ್ತಾನೆ, ಪುಣ್ಯಾತ್ಮ.

"ಅವತ್ತು ಅಂಗಡೀಲಿ ನಿಮ್ಮ ಜೊತೆ ಇನ್ಯಾರು ಫೋನ್ ತಗೊಂಡ್ರು ಅತ್ತೆ?"

ಅತ್ತೆ ಸೊಸೆ ಇಬ್ಬರೂ ನನ್ನ ಕಡೆ ತಿರುಗಿದ್ರು. ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಎದ್ದೆ. ಆಕೆ ಬ್ಯಾಗು ಕೆಳಗಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ಕೂತ್ಕೊ ಮಾರಾಯ್ತಿ. ನಿನ್ನಿಂದ ನಮ್ಮನೆಯೋರು ಎರಡು ದಿನ ಉಪವಾಸ ಇದ್ರು. ಇವತ್ತು, ನಾಳೆ ಅವರಿಗೆ ನಿಮ್ಮನೇಲೇ ಊಟ ಹಾಕು. ಅವರ ಜಾತಕ ಮಾತ್ರ ಕೇಳ್ಬೇಡ."