ಫ್ಲಾಪಿಗೆ ಸ್ನಾನ ಆಯ್ತಾ?

ಕುಣಿಗಲ್ಲಿನ ನಮ್ಮ ಬೀಗಿತ್ತಿ ಈ ಲೋಕದಲ್ಲಿ ನಂಬುವುದು ಎರಡನ್ನೇ. ಒಂದು ದೇವರು, ಇನ್ನೊಂದು ಅವರ ಕಂಪ್ಯೂಟರು. ದೇವರ ಮೇಲೂ ಸ್ವಲ್ಪ ಅನುಮಾನ ಇದ್ದ ಹಾಗಿದೆ, ನಾನು ಕೇಳಿಲ್ಲ!

ಅವರ ಮಗಳು ನನ್ನ ಸೊಸೆ. ಬಾಣಂತನ ತವರಿನಲ್ಲಿ. ಅಂದರೆ ನನ್ನ ಮೊದಲ ಮೊಮ್ಮಗಳು, ಆಹಾ, ಬೆಣ್ಣೆ ಮುದ್ದೆ, ಹಗಲೆಲ್ಲ ಅವರ ಮಡಿಲಲ್ಲಿ! ನಾನು ತುಮಕೂರಿನ ಸದಾಶಿವನಗರದಲ್ಲಿ ತೊಟ್ಟಿಲು ಒರೆಸಿಕೊಂಡು ಕೂತಿರಬೇಕು. ಹೊಟ್ಟೆ ಉರಿಯದೆ ಇರುತ್ತದೆಯೇ?

ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಲಗ್ನಪತ್ರಿಕೆ ಟೈಪು ಮಾಡಿಕೊಡುತ್ತಾರೆ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಅವರು ಐವತ್ತು ದಾಟಿದ ಮೇಲೆ ಕಂಪ್ಯೂಟರು ಕಲಿತವರು. ಅದೂ ಒಂದು ಹೊಟ್ಟೆಕಿಚ್ಚು!

ಒಂದು ಸಲ ಮಗು ನೋಡಲು ಹೋದಾಗ ಕಂಪ್ಯೂಟರ್ ರಿಪೇರಿಯವರು ಬಂದಿದ್ದರು. ಜೇಬಿನಿಂದ ಫ್ಲಾಪಿ ತೆಗೆದರು, ಅಷ್ಟೇ.

"ನಿಲ್ಸಪ್ಪ! ಎಲ್ಲೆಲ್ಲಿ ಸುತ್ಕೊಂಡು ಬಂತು ಇದು?" ಅಂದರು ಬೀಗಿತ್ತಿ.

"ಗುಬ್ಬೀಲಿ ಒಂದ್ ಅಂಗ್ಡಿ ಕಂಪ್ಯೂಟರ್‌ಗೆ ಹಾಕಿದ್ದೆ ಕಣಮ್ಮ."

"ಅಲ್ಲಿ ವೈರಸ್ ಇದ್ರೆ? ಮೊದ್ಲು ಸ್ಕ್ಯಾನ್ ಆಗ್ಲಿ."

ನನ್ನ ಕಿವಿಗೆ ಬಿದ್ದದ್ದು ಸ್ನಾನ. ಓಡಿಹೋಗಿ ಒಂದು ಚೊಂಬು ಬಿಸಿನೀರು ತಂದಿಟ್ಟೆ! ರಿಪೇರಿಯವರು ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಬೀಗಿತ್ತಿ ನಗಲಿಲ್ಲ. "ಬಿಸಿನೀರು ತಂದಿದ್ದು ಒಳ್ಳೇದೇ ಆಯ್ತು ಬೀಗ್ರೇ, ನೀವು ಕೈಕಾಲು ತೊಳ್ಕೊಳಿ. ಹೊರಗಿಂದ ಬಂದಿದೀರ, ಮಗು ಮುಟ್ಬೇಕಲ್ಲ" ಅಂದರು.

ಹೊರಗಿಂದ! ನನ್ನ ಮಗನ ಮಗು ಮುಟ್ಟಲು ಫ್ಲಾಪಿಗೂ ನನಗೂ ಒಂದೇ ಕಾನೂನು!

ಕೈಕಾಲು ತೊಳೆದು ಬರುವಷ್ಟರಲ್ಲಿ ರಿಪೇರಿಯವರು ಪಾಸ್‌ವರ್ಡ್ ಕೇಳುತ್ತಿದ್ದರು. ಬೀಗಿತ್ತಿ ಅವರನ್ನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸಿ ನಿಲ್ಲಿಸಿ, ತಾವೇ ಒತ್ತಿದರು. ಕೆಲಸ ಮುಗಿಯುವವರೆಗೂ ಪಕ್ಕದಿಂದ ಏಳಲಿಲ್ಲ.

"ಇಷ್ಟ್ ವರ್ಸದಿಂದ ಬರ್ತೀನಿ, ನನ್ ಮ್ಯಾಲೂ ಅನುಮಾನ್ವಾ?"

"ನಿನ್ ಮ್ಯಾಲಲ್ಲ ಕಣಪ್ಪ. ನಿನ್ ಜೇಬಿಗೆ ಯಾರ್ಯಾರ್ ಕೈ ಹಾಕ್ತಾರೋ ನಂಗೇನ್ ಗೊತ್ತು? ಊರ್ ಹೆಣ್ಮಕ್ಕಳ ವಿಳಾಸ ಎಲ್ಲಾ ಇದ್ರಲ್ಲೈತೆ. ಕಳುವಾದ್ರೆ ಅವ್ರು ಕೇಳೋದು ನನ್ನ, ನಿನ್ನಲ್ಲ."

ರಿಪೇರಿಯವರು ಹೋದ ಮೇಲೆ ಬೀಗಿತ್ತಿ ಪಾಸ್‌ವರ್ಡನ್ನೂ ಬದಲಾಯಿಸಿದರು! ಹೆತ್ತ ಮಗಳಿಗೂ ಹೇಳಿಲ್ಲವಂತೆ. ಇಂಥವರ ಮನೆಯಲ್ಲಿ ನಾನು ಯಾವತ್ತು ಒಳಗಿನವಳಾಗಬೇಕು, ಹೇಳಿ?

ಅಂತೂ ಐದು ತಿಂಗಳು ತುಂಬಿತು. ಮೊಮ್ಮಗಳನ್ನು ಕರೆದುಕೊಂಡು ಬರಲು ಹೋದೆ, ಚುನಾವಣೆ ಗೆದ್ದವಳ ಹಾಗೆ! ಬ್ಯಾಗು ಹೆಗಲಿಗೇರಿಸುವಾಗ ಬೀಗಿತ್ತಿ ನನ್ನನ್ನು ಅಂಗಡಿ ಕೋಣೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದರು.

"ನಾಳಿದ್ದು ಕಣ್ಣಿನ ಪೊರೆ ಆಪರೇಷನ್ನು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪಾಸ್‌ವರ್ಡ್ ಒಬ್ರಿಗಾದ್ರೂ ಗೊತ್ತಿರ್ಲಿ."

"ಮಗಳಿಗೆ ಹೇಳಿ, ನಂಗ್ಯಾಕೆ?"

"ಅವಳ ಬಾಯಲ್ಲಿ ನಿಲ್ಲಲ್ಲ ಕಣಕ್ಕ."

ಅಕ್ಕ! ಇಷ್ಟು ದಿನ ಬೀಗ್ರೇ ಅನ್ನುತ್ತಿದ್ದವರು!

ಕಿವಿಗೆ ಬಾಯಿಟ್ಟು ಹೇಳಿದರು. ಏನಂತ ನನ್ನನ್ನು ಕೇಳಬೇಡಿ, ನೀವೆಲ್ಲ ಹೊರಗಿನವರು! ಆದರೆ ಅವರ ಕೆನ್ನೆ ನನ್ನ ಕೆನ್ನೆಗೆ ತಗುಲಿತು. ಒದ್ದೆಯಾಗಿತ್ತು. ಆಪರೇಷನ್ನಿನ ಭಯವಲ್ಲ ಅದು. ಮಗು ಹೊರಟಿತ್ತಲ್ಲ.

ಬ್ಯಾಗು ಕೆಳಗಿಟ್ಟೆ.

"ಕಣ್ಣಿನ ಪಟ್ಟಿ ಬಿಚ್ಚಿದಾಗ ಮೊದ್ಲು ಇವಳ ಮುಖಾನೇ ನೋಡೀರಂತೆ. ಅಲ್ಲೀವರ್ಗೂ ನಾವೂ ಇಲ್ಲೇ ಇರ್ತೀವಿ ಬುಡಿ."