ನಾಲ್ಕನೆಯ ಪಾಠದ ಗೃಹಪ್ರವೇಶ

ನನ್ನ ನೆನಪಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬೇರೆಯವರ ನೆನಪಿನ ಬಗ್ಗೆಯೂ ಇಲ್ಲ, ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ. ನಮ್ಮ ಮದುವೆಯ ಊಟದಲ್ಲಿ ಸಾರು ಸಾಲದೆ ಹೋಯಿತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ನಮ್ಮವರು, ಸಾರು ಬೇಕಾದಷ್ಟಿತ್ತು, ಮಜ್ಜಿಗೆ ಸಾಲಲಿಲ್ಲ ಎನ್ನುತ್ತಾರೆ. ಡೈರಿ ತೆಗೆದು ನೋಡಿದರೆ ಅಲ್ಲಿ 'ಊಟದ ಹೊತ್ತಿಗೆ ಸ್ವಲ್ಪ ಗೊಂದಲ' ಎಂದಷ್ಟೇ ಇದೆ. ಬರೆದವಳು ನಾನೇ. ಯಾವ ಗೊಂದಲ ಎಂದು ಬರೆಯುವ ಅಗತ್ಯ ಆವತ್ತು ಕಾಣಲಿಲ್ಲ, ಏಕೆಂದರೆ ಅದು ನೆನಪಿದ್ದೇ ಇರುತ್ತದೆ ಎಂದುಕೊಂಡಿದ್ದೆ. ಕಾಲೇಜಿಗೆ ಹೋಗುತ್ತಿದ್ದ ಕಾಲದಿಂದ ಒಂದು ದಿನವೂ ಬಿಡದೆ ಡೈರಿ ಬರೆದವಳ ಗತಿಯೇ ಇಷ್ಟು. ಒಂದು ದಿನವೂ ಬಿಡದೆ ಎಂದೆನಲ್ಲ, ಅದೂ ನೆನಪಿನಿಂದಲೇ ಹೇಳಿದ್ದು, ಎಣಿಸಿ ನೋಡಿಲ್ಲ.

ಈ ಡೈರಿಯ ಚಟವೇ ನನ್ನನ್ನು ತೊಂದರೆಗೆ ಸಿಕ್ಕಿಸಿತು. ಮಹಿಳಾ ಸಂಘಗಳ ಜೊತೆ ಕೆಲಸ ಮಾಡುವ ಒಂದು ಸಂಸ್ಥೆಯವರಿಗೆ ಒಂದು ಡಿಜಿಟಲ್ ಪುಸ್ತಕ ಬೇಕಾಗಿತ್ತು. ಫೋನಿನಲ್ಲಿ ಟಿಪ್ಪಣಿ ಬರೆದಿಟ್ಟುಕೊಳ್ಳುವ ಆ್ಯಪ್ ಇರುತ್ತದಲ್ಲ, ಅದನ್ನು ಹೆಂಗಸರಿಗೆ ಕಲಿಸುವ ಪುಸ್ತಕ. 'ನೀವು ಹೇಗೂ ದಿನಾ ಬರೀತೀರಿ, ನಿಮಗಿಂತ ಇನ್ಯಾರು ಬೇಕು ಮೇಡಂ' ಎಂದು ನನ್ನ ತಲೆಗೆ ಕಟ್ಟಿದರು. ಸುಮ್ಮನೆ ಓದಿಕೊಂಡು ಹೋಗುವ ಪುಸ್ತಕವಲ್ಲ. ಒತ್ತಿದರೆ ತೆರೆದುಕೊಳ್ಳಬೇಕು, ಓದುವವರು ತಪ್ಪಿದರೆ ತಪ್ಪು ಎನ್ನಬೇಕು, ಸರಿಯಾದರೆ ಚಪ್ಪಾಳೆ ತಟ್ಟಬೇಕು. ನಾನು ಹೊನ್ನಾಳಿಯ ಕಾಲೇಜಿನಲ್ಲಿ ಪಾಠ ಮಾಡುವವಳು. ತಪ್ಪು ಎನ್ನುವುದು ಗೊತ್ತಿತ್ತು, ಚಪ್ಪಾಳೆ ಹೊಸದು. ರಜೆಯೆಲ್ಲ ಕೂತು, ಕಣ್ಣು ಕೆಂಪಗೆ ಮಾಡಿಕೊಂಡು, ಒಂಬತ್ತು ಪಾಠ ಕಟ್ಟಿದೆ. ಮೊದಲನೆಯ ಪಾಠದ ಮೊದಲ ಸಾಲು ದಪ್ಪ ಅಕ್ಷರದಲ್ಲಿ: 'ನೆನಪು ಕೈಕೊಡುತ್ತದೆ, ಬರೆದದ್ದು ಕೈಕೊಡುವುದಿಲ್ಲ.' ಬರೆದು ಬಹಳ ಹೆಮ್ಮೆಪಟ್ಟೆ.

ಪುಸ್ತಕವನ್ನು ಸಂಸ್ಥೆಗೆ ಕೊಡುವ ಮೊದಲು ಯಾರ ಮೇಲಾದರೂ ಪ್ರಯೋಗ ಮಾಡಬೇಕಲ್ಲ. ನನ್ನ ತವರು ಚನ್ನಗಿರಿ, ಗಂಡನ ಊರು ಜಗಳೂರಿನ ಹತ್ತಿರದ ಬಿಳಿಚೋಡು, ಕೆಲಸ ಸಿಕ್ಕ ಹೊಸತರಲ್ಲಿ ಬಾಡಿಗೆಗಿದ್ದದ್ದು ನ್ಯಾಮತಿ. ಹೀಗಾಗಿ ನನ್ನನ್ನು ಬೈಯುವ ಹಕ್ಕುಳ್ಳವರು ನಾಲ್ಕು ತಾಲ್ಲೂಕುಗಳಲ್ಲಿ ಹಂಚಿಹೋಗಿದ್ದಾರೆ. ಅವರಿಗೇ ಕಳಿಸಿದೆ. ಚನ್ನಗಿರಿಯ ನಮ್ಮ ದೊಡ್ಡಮ್ಮ, ನ್ಯಾಮತಿಯಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಲಲಿತಮ್ಮ, ಕಾಲೇಜಿನ ಇಬ್ಬರು ಸಹೋದ್ಯೋಗಿಗಳು. ನಮ್ಮವರ ಅಕ್ಕ, ಬಿಳಿಚೋಡಿನ ಗಿರಿಜಕ್ಕ, 'ನಂಗ್ಯಾಕೆ ಅದೆಲ್ಲ, ನಂಗೆ ಎಲ್ಲಾ ನೆನಪಿರ್ತೈತೆ' ಎಂದು ಬೇಡವೆಂದುಬಿಟ್ಟರು. ಅದು ನಿಜ. ನಾನು ಮದುವೆಯಾಗಿ ಬಂದ ವಾರ ಉಪ್ಪಿಟ್ಟು ಸೀಯಿಸಿದ್ದು ಅವರಿಗೆ ಈಗಲೂ ವಾಸನೆಯ ಸಮೇತ ನೆನಪಿದೆ.

ಎರಡನೆಯ ಪಾಠದಲ್ಲೇ ಜಗಳ ಶುರುವಾಯಿತು. ಟಿಪ್ಪಣಿಗಳನ್ನು ವಿಂಗಡಿಸುವ ಅಭ್ಯಾಸ ಅದು. ಮನೆ, ಆರೋಗ್ಯ, ಹೊಲ, ನೆಂಟರು ಎಂದು ನಾಲ್ಕು ಡಬ್ಬಿ. ಟಿಪ್ಪಣಿಯನ್ನು ಬೆರಳಿನಿಂದ ಎಳೆದು ಸರಿಯಾದ ಡಬ್ಬಿಗೆ ಹಾಕಬೇಕು. 'ಎಮ್ಮೆಗೆ ಡಾಕ್ಟರನ್ನು ಕರೆಸಬೇಕು' ಎಂಬುದಕ್ಕೆ ನಾನು ಕೊಟ್ಟಿದ್ದ ಉತ್ತರ ಹೊಲ. ದೊಡ್ಡಮ್ಮ ಆರೋಗ್ಯದ ಡಬ್ಬಿಗೆ ಹಾಕಿ, ಪುಸ್ತಕದ ಕೈಲಿ ತಪ್ಪು ಎನ್ನಿಸಿಕೊಂಡು ಫೋನ್ ಮಾಡಿದಳು. 'ಹುಷಾರಿಲ್ಲ ಅಂದ್ರೆ ಆರೋಗ್ಯ ಅಲ್ಲೇನೇ? ಡಾಕ್ಟ್ರು ಬಂದು ಹೊಲಕ್ಕೆ ಇಂಜೆಕ್ಷನ್ ಮಾಡ್ತಾನಾ?' ಲಲಿತಮ್ಮ ಮನೆ ಎಂದಿದ್ದರು. 'ನಮ್ಮೆಜಮಾನ್ರಿಗಿಂತ ಎಮ್ಮೇನೇ ಜಾಸ್ತಿ ಮನೇಲಿರೋದು, ಮೇಡಂ.' ಸಹೋದ್ಯೋಗಿಯೊಬ್ಬರು ನೆಂಟರಿಗೆ ಹಾಕಿದ್ದರು. ಅವರ ಊರಿನ ದನದ ಡಾಕ್ಟರು ಅವರ ಸ್ವಂತ ಭಾವ. ಯಾರಿಗೆ ಏನು ಹೇಳಲಿ? ಕೊನೆಗೆ ನಾಲ್ಕಕ್ಕೂ ಚಪ್ಪಾಳೆ ಬರುವ ಹಾಗೆ ಮಾಡಿದೆ. ಅದು ಗೊತ್ತಾದ ಮೇಲೆ ಲಲಿತಮ್ಮ ಮಧ್ಯಾಹ್ನವೆಲ್ಲ ಎಮ್ಮೆಯನ್ನು ಡಬ್ಬಿಯಿಂದ ಡಬ್ಬಿಗೆ ಓಡಾಡಿಸಿ ಚಪ್ಪಾಳೆ ಕೇಳುತ್ತಾ ಕುಳಿತಿದ್ದರಂತೆ.

ನಾಲ್ಕನೆಯ ಪಾಠ ಜ್ಞಾಪನೆಯದು. ಒಂದು ಕಾರ್ಯಕ್ರಮ ಬರೆದು, ದಿನ, ಹೊತ್ತು ಕೊಟ್ಟು, ಗಂಟೆಯ ಚಿತ್ರ ಒತ್ತಿದರೆ ಹಿಂದಿನ ದಿನ ಒಮ್ಮೆ, ಆ ದಿನ ಮತ್ತೊಮ್ಮೆ ಫೋನು ತಾನೇ ಕೂಗಿ ನೆನಪಿಸುತ್ತದೆ. ಮಾಡಿ ಕಲಿಯಬೇಕು ಎಂಬುದು ನನ್ನ ಹಟ. ಆದ್ದರಿಂದ ಪುಸ್ತಕದೊಳಗೆ ಮಾಡಿದ ಹಾಗೆ ನಟಿಸುವುದಲ್ಲ, ನಿಜವಾದ ಆ್ಯಪ್‌ನಲ್ಲೇ ಬರೆಯಿರಿ ಎಂದಿದ್ದೆ. ಕಳೆದುಹೋದ ದಿನ ಕೊಟ್ಟರೆ ಆ್ಯಪ್ ಒಪ್ಪುವುದಿಲ್ಲ. ಮುಂದಿನ ತಿಂಗಳ ಮೊದಲ ಭಾನುವಾರವೆಂದು ಕೊಟ್ಟೆ. ಉದಾಹರಣೆಗೆ ಒಂದು ಕಾರ್ಯಕ್ರಮ ಬೇಕಿತ್ತು. ಅದೇ ಹೊತ್ತಿಗೆ ನಮ್ಮವರು ಪಕ್ಕದಲ್ಲಿ ಕುಳಿತು ಫೋನಿನಲ್ಲಿ ಗಿರಿಜಕ್ಕನ ಹೊಸ ಮನೆಯ ಪಂಚಾಯಿತಿ ಕೇಳುತ್ತಿದ್ದರು. ಮೆಟ್ಟಿಲು ಮನೆಯ ಹೊರಗಿರಬೇಕು ಎಂದು ಅಕ್ಕ, ಒಳಗಿರಬೇಕು ಎಂದು ಅವರ ಯಜಮಾನರು ರುದ್ರಣ್ಣ. ಇಬ್ಬರೂ ಸೋಲದೆ, ಮನೆ ಗೋಡೆಯ ಮಟ್ಟಕ್ಕೆ ಬಂದು ನಿಂತು ತಿಂಗಳುಗಳೇ ಆಗಿದ್ದವು. ಕಿವಿಗೆ ಬಿದ್ದದ್ದನ್ನೇ ಕೈ ಬರೆಯಿತು: 'ಬಿಳಿಚೋಡು ಗಿರಿಜಕ್ಕನ ಮನೆ ಗೃಹಪ್ರವೇಶ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ.' ಈಗಲ್ಲದಿದ್ದರೂ ಎಂದಾದರೂ ಆಗುವುದೇ ತಾನೆ ಎಂದುಕೊಂಡೆ.

ಅಭ್ಯಾಸ ಮುಗಿದ ಮೇಲೆ ಟಿಪ್ಪಣಿಯನ್ನು ಅಳಿಸುವುದು ಹೇಗೆಂದೂ ಕಲಿಸಿದ್ದೇನೆ. ಆದರೆ ಅದು ಒಂಬತ್ತನೆಯ ಪಾಠ. ಡೈರಿಯ ಒಂದು ಹಾಳೆಯನ್ನೂ ಹರಿಯದವಳಿಗೆ ಅಳಿಸುವ ವಿಚಾರ ಕೊನೆಗೆ ಹೊಳೆಯಿತು. ನನ್ನ ಓದುಗರಲ್ಲಿ ಒಬ್ಬರೂ ಐದನೆಯ ಪಾಠ ದಾಟಿರಲಿಲ್ಲ.

ಆ ಭಾನುವಾರದ ಹಿಂದಿನ ಸಂಜೆ ಲಲಿತಮ್ಮ ಫೋನ್ ಮಾಡಿ, ಬಿಳಿಚೋಡಿಗೆ ಬಸ್ಸು ಹೇಗೆ ಸಿಗುತ್ತದೆ ಎಂದು ಕೇಳಿದರು. ದಾವಣಗೆರೆಯಲ್ಲಿ ಬದಲಾಯಿಸಿ ಎಂದೆ. ಯಾಕೆ ಎಂದು ಕೇಳಲಿಲ್ಲ. ಬೇರೆಯವರ ಪ್ರಯಾಣದ ಕಾರಣ ಕೇಳಬಾರದು ಎಂಬ ವಿಶ್ವವಿದ್ಯಾಲಯದ ಸಭ್ಯತೆ ನನ್ನದು. ಹಳ್ಳಿಯ ಸಭ್ಯತೆಯಿದ್ದಿದ್ದರೆ ಮೊದಲು ಅದನ್ನೇ ಕೇಳಿ, ಆಮೇಲೆ ಬಸ್ಸಿನ ವಿಷಯಕ್ಕೆ ಬರುತ್ತಿದ್ದೆ.

ಭಾನುವಾರ ಗಿರಿಜಕ್ಕನ ಫೋನು ಬಂತು. ದನಿ ಬಹಳ ತಣ್ಣಗಿತ್ತು. 'ನಿಮ್ಮ ದೊಡ್ಡಮ್ಮ ಬಂದಾರೆ. ಕೈಯಾಗ ಹಿತ್ತಾಳೆ ದೀಪ ಹಿಡ್ಕಂಡು ನಿಂತಾರೆ. ಯಾವ ಬಾಗ್ಲಿಂದ ಒಳಗೆ ಬರ್ಬೇಕು ಅಂತ ಕೇಳ್ತಾರೆ. ಬಾಗ್ಲೇ ಇಲ್ಲ, ಏನು ಹೇಳ್ಲಿ?' ಹಿಂದಿನಿಂದ ಯಾರೋ, 'ಇನ್ನೂ ಇಬ್ರು ಬಂದ್ರು, ಅಕ್ಕಾ' ಎನ್ನುವುದು ಕೇಳಿಸಿತು. ಫೋನು ಕಟ್ಟಾಯಿತು.

ನಾವು ಬೈಕಿನಲ್ಲಿ ಬಿಳಿಚೋಡು ಮುಟ್ಟುವ ಹೊತ್ತಿಗೆ ಸೂರಿಲ್ಲದ ಮನೆಯ ತುಂಬ ಜನ. ಪಾಠದ ಮೂಲಕ ನಾನೇ ಎಲ್ಲರನ್ನೂ ಕರೆದಿದ್ದೇನೆಂದು ತಿಳಿದು ಲಲಿತಮ್ಮ ಓಣಿಯ ಹೆಂಗಸರನ್ನೆಲ್ಲ ಜೊತೆಗೆ ಕರೆದುಕೊಂಡು ಬಂದಿದ್ದರು. ಸಹೋದ್ಯೋಗಿಗಳಿಬ್ಬರೂ ಸಂಸಾರ ಸಮೇತ ಸಿಮೆಂಟಿನ ಚೀಲಗಳ ಮೇಲೆ ಕುಳಿತಿದ್ದರು. ಗಿರಿಜಕ್ಕ ಅಕ್ಕಪಕ್ಕದವರನ್ನು ಸೇರಿಸಿಕೊಂಡು ಪಕ್ಕದ ಹಳೆಯ ಮನೆಯಲ್ಲಿ ಚಿತ್ರಾನ್ನ, ಕೇಸರಿಬಾತು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ನಾನು ದೊಡ್ಡಮ್ಮನ ಪಕ್ಕ ಕುಳಿತು, 'ಅಭ್ಯಾಸಕ್ಕೆ ಅಂತ ಬರೆಸಿದ್ದಲ್ವಾ ಅದು? ನಿನಗೆ ನೆನಪಾಗಲಿಲ್ವಾ?' ಎಂದು ಪಿಸುಗುಟ್ಟಿದೆ.

'ಏನೋ ಅನುಮಾನ ಬಂತು ಕಣೆ. ಯಾರೂ ಬಂದು ಕುಂಕುಮ ಕೊಟ್ಟು ಕರೀಲಿಲ್ವಲ್ಲ ಅಂತ. ಆದ್ರೆ ನನ್ನ ಕೈಯಾರೆ ನಾನೇ ಬರ್ದೀನಿ, ಫೋನೂ ಬಡ್ಕೊತೈತೆ. ನೆನಪು ಕೈಕೊಡ್ತೈತೆ, ಬರೆದದ್ದು ಕೊಡಲ್ಲ ಅಂತ ನೀನೇ ದಪ್ಪಗೆ ಹಾಕೀಯಲ್ಲ. ಕರೆದಿರ್ತಾರೆ, ನಾನೇ ಮರ್ತೀನಿ ಅಂದ್ಕಂಡು ಬಂದೆ.' ಚಿತ್ರಾನ್ನದ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. 'ಪಾಠ ಚೆನ್ನಾಗೈತೆ. ತಲೇಲಿ ಕೂತ್ರೆ ಬಿಟ್ಟೋಗಲ್ಲ.'

ಬಾಳಿನಲ್ಲಿ ಮೊದಲ ಸಲ ನನ್ನ ಪಾಠವನ್ನು ಒಬ್ಬ ವಿದ್ಯಾರ್ಥಿ ಅಕ್ಷರಶಃ ನಂಬಿ ನಡೆದದ್ದು. ಸಂತೋಷಪಡಲು ಅದು ಸ್ಥಳವಾಗಿರಲಿಲ್ಲ.

ಊಟವಾದ ಮೇಲೆ ಗಿರಿಜಕ್ಕ ನನ್ನನ್ನು ಮರಳಿನ ರಾಶಿಯ ಹಿಂದಕ್ಕೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದೆ, ಕಣ್ಣಲ್ಲಿ ನೀರಿತ್ತು. 'ಬಂದೋರನ್ನ ಉಪವಾಸ ಕಳಿಸಾಕೆ ಆಗಲ್ಲ, ಅದಕ್ಕೆ ಬಡಿಸ್ದೆ. ಆದ್ರೆ ನಾಳೆ ನಾಲ್ಕೂರಾಗೆ ಏನಂತಾರೆ ಹೇಳು. ಗಿರಿಜಕ್ಕ ಸೂರಿಲ್ಲದ ಮನೀಗೆ ಜನ ಕರ್ದು ಉಡುಗೊರೆ ಇಸ್ಕಂಡ್ಲು ಅಂತಾರೆ. ಇದೊಂದು ಮನೆ ಕಟ್ಟಿ, ಎಲ್ಲರ ಮನೀಗೂ ನಾನೇ ಹೋಗಿ ಕರೀಬೇಕು ಅಂತ ಎಷ್ಟು ವರ್ಷದ ಆಸೆ ಗೊತ್ತೈತಾ ನಿಂಗೆ? ಅದನ್ನ ನೀನು ಪುಸ್ತಕದಾಗ ಮುಗಿಸ್ಬಿಟ್ಟೆ.' ಅವರು ಮುಖ ಒರೆಸಿಕೊಂಡು ಹೋಗಿ, ಒಬ್ಬೊಬ್ಬರಿಗೂ ಕುಂಕುಮ ಕೊಟ್ಟು, ದೀಪ, ಸೀರೆ, ಸ್ಟೀಲಿನ ಡಬ್ಬಿಗಳನ್ನೆಲ್ಲ ಅವರವರ ಕೈಗೇ ವಾಪಸು ಇಟ್ಟರು. 'ಇವತ್ತು ಸುಮ್ನೆ ಊಟಕ್ಕೆ ಬಂದಂಗೆ. ನಾನು ಬಂದು ಕರೀತೀನಿ, ಆವಾಗ ತರ್ರಿ.' ನನ್ನ ಹೆಸರು ಎತ್ತಲೇ ಇಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಉಡುಗೊರೆ ವಾಪಸು ಬಂದದ್ದಕ್ಕೆ ಪ್ರತಿಯಾಗಿ ನೆಂಟರು ಸಲಹೆ ಕೊಡಲು ಶುರುಮಾಡಿದರು. ಮೆಟ್ಟಿಲು ಹಿತ್ತಲ ಕಡೆಗಿರಲಿ ಎಂದರು ಲಲಿತಮ್ಮ. ಕಬ್ಬಿಣದ್ದು ಸುತ್ತಿಸಿಬಿಡಿ ಎಂದರು ಸಹೋದ್ಯೋಗಿಯೊಬ್ಬರು. 'ಮೆಟ್ಲೇ ಬ್ಯಾಡ. ಮೇಲೆ ಹೋಗಿ ಏನು ಮಾಡ್ತೀರಿ?' ಎಂದಳು ದೊಡ್ಡಮ್ಮ. ಅಷ್ಟು ತಿಂಗಳಿಂದ ಹೆಂಡತಿಗೆ ಸೋಲದಿದ್ದ ರುದ್ರಣ್ಣ ಎದ್ದು ನಿಂತು, 'ಯಾರೇನೂ ಹೇಳ್ಬ್ಯಾಡ್ರಿ. ಈಕೆ ಹೇಳಿದಂಗೆ ಹೊರಗೇ ಇರ್ಲಿ' ಎಂದುಬಿಟ್ಟರು. ಹೊರಗಿನವರ ಬಾಯಿ ಮುಚ್ಚಿಸಲು ಗಂಡ ಹೆಂಡತಿ ಒಂದಾಗುವುದು ನನಗೆ ತಿಳಿಯದ ವಿಷಯವಲ್ಲ; ಸಾರು ಮಜ್ಜಿಗೆಯ ಜಗಳದಲ್ಲಿ ಮೂರನೆಯವರು ಬಾಯಿ ಹಾಕಿದರೆ ನಾವೂ ಹಾಗೆಯೇ.

ನಡೆದದ್ದನ್ನು ಸಂಸ್ಥೆಗೆ ಪ್ರಾಮಾಣಿಕವಾಗಿ ತಿಳಿಸಿದೆ. ಕಲಿತದ್ದನ್ನು ಇಷ್ಟು ಜನ ಆಚರಣೆಗೆ ತಂದ ಪಾಠ ಇನ್ನೊಂದಿಲ್ಲ, ಹೀಗೇ ಇರಲಿ ಎಂದು ಉತ್ತರ ಬಂತು. ನಾನೇ ಹಟಮಾಡಿ ಅಳಿಸುವ ಪಾಠವನ್ನು ಮುಂದಕ್ಕೆ ತಂದು, ಗೃಹಪ್ರವೇಶ ತೆಗೆದು 'ಹಾಲಿಗೆ ಹೆಪ್ಪು ಹಾಕಬೇಕು' ಎಂದು ಬರೆದೆ. ಅದಕ್ಕೆ ಯಾರೂ ಬಸ್ಸು ಹತ್ತಿ ಬರಲಾರರು.

ಮನೆಗೆ ಸೂರು ಬಿತ್ತು, ಬಾಗಿಲು ಬಂತು. ಕಳೆದ ವಾರ ಗಿರಿಜಕ್ಕ, ರುದ್ರಣ್ಣ ಇಬ್ಬರೂ ಹೊನ್ನಾಳಿಗೆ ಬಂದರು. ಕಾರ್ಡು ಮಾಡಿಸಿಲ್ಲ, ಎಲ್ಲರಿಗೂ ಬಾಯಿಮಾತಿನಲ್ಲೇ ಕರೆ. ಅಕ್ಕ ನನ್ನ ಹಣೆಗೆ ಕುಂಕುಮವಿಟ್ಟು, ದಿನ ಹೇಳಿ, ನನ್ನ ಕೈ ಅಭ್ಯಾಸಬಲದಿಂದ ಫೋನಿನ ಕಡೆ ಹೋದದ್ದನ್ನು ಹಿಡಿದು ನಿಲ್ಲಿಸಿದರು. 'ಬರ್ಕಬ್ಯಾಡ. ಡೈರಿಯಾಗೂ ಬ್ಯಾಡ. ನೆನಪಿಟ್ಕಂಡು ಬಾ. ನಂಗೋಸ್ಕರ ಇದೊಂದು ಮಾಡು.' ಮಾಡುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮಾತಿನಂತೆ ಎಲ್ಲಿಯೂ ಬರೆಯಲಿಲ್ಲ. ಪಾತ್ರೆ ತೊಳೆಯುವಾಗ, ಕಾಲೇಜಿಗೆ ನಡೆಯುವಾಗ, ಬಾಯಲ್ಲೇ ಜಪಿಸುತ್ತಿದ್ದೆ. ನಿನ್ನೆ ಬೆಳಿಗ್ಗೆ ಚಹಾ ಕುಡಿಯುತ್ತಾ, 'ಬುಧವಾರ ಎಷ್ಟು ಹೊತ್ತಿಗೆ ಹೊರಡೋಣ?' ಎಂದು ನಮ್ಮವರನ್ನು ಕೇಳಿದೆ. 'ಶುಕ್ರವಾರ ಅಲ್ವಾ?' ಎಂದರು. ದೊಡ್ಡಮ್ಮನಿಗೆ ಫೋನ್ ಮಾಡಿದರೆ, 'ಗಿರಿಜಕ್ಕ ಬರ್ಕಬ್ಯಾಡ ಅಂದ್ಲು, ನಾನೂ ಬರ್ಕಣ್ಲಿಲ್ಲ. ಭಾನುವಾರ ಇರ್ಬೇಕು' ಎಂದಳು.

ಸರಿಯಾಗಿ ಗೊತ್ತಿರುವವರು ಗಿರಿಜಕ್ಕ, ರುದ್ರಣ್ಣ ಇಬ್ಬರೇ, ಅವರನ್ನು ಕೇಳುವಂತಿಲ್ಲ. ಯೋಚಿಸಿ ಯೋಚಿಸಿ, ಮಂಗಳವಾರ ಸಂಜೆಯೇ ಹೋಗಿ ಭಾನುವಾರದ ತನಕ ಅಲ್ಲೇ ಇದ್ದುಬಿಡುವುದೆಂದು ಕಾಲೇಜಿಗೆ ರಜೆ ಹಾಕಿದ್ದೇನೆ. ಇಷ್ಟು ಮೊದಲೇ ಬಂದು ಕೆಲಸಕ್ಕೆ ಕೈಜೋಡಿಸುವ ತಮ್ಮನ ಹೆಂಡತಿ ಯಾರಿಗಿದ್ದಾಳೆ ಎಂದು ಗಿರಿಜಕ್ಕ ಎಲ್ಲರೆದುರು ನನ್ನನ್ನು ಹೊಗಳುವ ಅಪಾಯವಿದೆ. ಹೊಗಳಿದರೆ ತಡೆಯುವುದಿಲ್ಲ. ರಾತ್ರಿ ಅದನ್ನು ಡೈರಿಯಲ್ಲಿ ಇದ್ದಂತೆಯೇ ಬರೆದಿಡುತ್ತೇನೆ, ಮಂಗಳವಾರವೇ ಯಾಕೆ ಹೋದೆವು ಎಂಬುದನ್ನು ಬಿಟ್ಟು. ಹತ್ತು ವರ್ಷ ಬಿಟ್ಟು ಓದಿದರೆ ನಾನೇ ನಂಬುತ್ತೇನೆ.